ಲ್ಯೂಮೆನ್ ಅಂದಮೇಲೆ ಯಾರೂ ಕೇಳುತ್ತಿರಲಿಲ್ಲ

ಕೊರೊನಾ ಕಳೆದ ಮರುವರ್ಷ ನಾನು ತುಮಕೂರಿನಲ್ಲಿ ವಿದ್ಯುತ್ ಪರಿವೀಕ್ಷಕಿಯಾಗಿದ್ದೆ. ಕರೆಂಟ್ ಹೊಡೆದು ಯಾರಾದರೂ ಸತ್ತರೆ ಸ್ಥಳಕ್ಕೆ ಹೋಗಿ, ತಪ್ಪು ಎಲ್ಲಾಯಿತೆಂದು ವರದಿ ಬರೆಯುವುದು ನಮ್ಮ ಕೆಲಸ. ಮಳೆಗಾಲದ ಒಂದು ಬೆಳಿಗ್ಗೆ ಕುಣಿಗಲ್ ತಾಲ್ಲೂಕಿನ ಕೊತ್ತಗೆರೆಯಿಂದ ಫೋನ್ ಬಂತು. ರಾಗಿ ಬೀಸಿಸಲು ಹಿಟ್ಟಿನ ಗಿರಣಿಗೆ ಬಂದಿದ್ದ ಜಯಮ್ಮ ಎಂಬ ಹೆಂಗಸು ಯಂತ್ರದ ಮೈಗೆ ಕೈ ತಾಗಿಸಿದ್ದೇ ತಡ, ಅಲ್ಲೇ ಬಿದ್ದು ಪ್ರಾಣ ಬಿಟ್ಟಿದ್ದರು.

ಗಿರಣಿಯ ಸ್ವಿಚ್ ಡಬ್ಬಿ ಬಿಚ್ಚಿಸಿದೆ. ಅಷ್ಟು ವರ್ಷದ ಸರ್ವೀಸಿನಲ್ಲಿ ಅಂಥದ್ದನ್ನು ನೋಡಿರಲಿಲ್ಲ. ಸೋರುವ ಕರೆಂಟನ್ನು ಮನುಷ್ಯರ ಮೈಗೆ ಬಿಡದೆ ನೇರ ನೆಲಕ್ಕೆ ಇಳಿಸುವುದಕ್ಕೆ ಅರ್ಥಿಂಗ್ ಎನ್ನುತ್ತೇವೆ. ಅದಕ್ಕೆಂದೇ ಇರುವ ಹಸಿರು ತಂತಿ ನೆಲಕ್ಕೆ ಹೋಗಿಯೇ ಇರಲಿಲ್ಲ. ನೋಡಿದವರಿಗೆ ಇದೆ ಅನ್ನಿಸಲಿ ಎಂದು ಅದನ್ನು ಡಬ್ಬಿಯೊಳಗೇ ಅಚ್ಚುಕಟ್ಟಾಗಿ ಸುರುಳಿ ಸುತ್ತಿ ಬಿಟ್ಟಿದ್ದರು. ವೈರಿಂಗ್ ಇನ್ನೂ ಹೊಸದು. ಯಾರಿಂದಲೂ ಚೆಕ್ ಮಾಡಿಸಲಿಲ್ಲವೇ ಎಂದು ಗಿರಣಿ ಮಾಲೀಕರನ್ನು ಕೇಳಿದೆ.

“ಲ್ಯೂಮೆನ್‌ನೋರು ಹಾಕವ್ರೆ ಅಂದ್ಮೇಲೆ ಇನ್ನೇನ್ ಚೆಕ್ ಮಾಡ್ಸಾದು ಮೇಡಂ?” ಎಂದರು.

ಲ್ಯೂಮೆನ್ ಅಂದರೆ ಲ್ಯಾಟಿನ್ ಭಾಷೆಯಲ್ಲಿ ಬೆಳಕು. ಬಲ್ಬಿನ ಡಬ್ಬದ ಮೇಲೆ ಬೆಳಕಿನ ಅಳತೆ ಹೇಳಲು ಅಚ್ಚಾಗಿರುವ ಪದವೂ ಅದೇ. ಐಟಿಐನಲ್ಲಿ ಮೇಷ್ಟ್ರೊಬ್ಬರು ಹೇಳಿದ ಈ ಅರ್ಥ ಮನಸ್ಸಿಗೆ ಹಿಡಿಸಿ, ರಂಗಸ್ವಾಮಿ ಎಂಬುವವರು ಅಂತರಸನಹಳ್ಳಿಯ ತಮ್ಮ ಮೋಟಾರ್ ವೈಂಡಿಂಗ್ ಅಂಗಡಿಗೆ ಆ ಹೆಸರಿಟ್ಟಿದ್ದರು. ಅವರಲ್ಲಿ ಕೆಲಸ ಕಲಿತವರು ಸ್ವಂತ ಅಂಗಡಿ ಇಡುವಾಗ ಒಂದು ಪದ್ಧತಿಯಿತ್ತು. ತಾನೇ ಅರ್ಥಿಂಗ್ ಕೊಟ್ಟ ಮೋಟಾರು ಓಡುತ್ತಿರುವಾಗ ಅವನು ಅದರ ಮೈಮೇಲೆ ಬರಿಗೈ ಇಡಬೇಕು. ಆಮೇಲೆ ರಂಗಸ್ವಾಮಿಯೂ ಇಡುತ್ತಿದ್ದರು. ಅಷ್ಟಾದರೆ ಲ್ಯೂಮೆನ್ ಹೆಸರು ಅವನದೂ ಆಯಿತು. ಹೀಗೆ ಗೂಳೂರು, ಗುಬ್ಬಿ ಎಂದು ಹೆಸರು ಹಬ್ಬಿತು. ಆ ಹೆಸರಿಗೆ ಗಿರಾಕಿ ಬರುವುದು ಕಂಡು ಲ್ಯೂಮೆನ್ ಬೇಕರಿ, ಲ್ಯೂಮೆನ್ ಟೈಲರ್ಸ್, ಕೊನೆಗೆ ಗುಬ್ಬಿಯಲ್ಲಿ ಲ್ಯೂಮೆನ್ ಚಿಕನ್ ಸೆಂಟರೂ ಬಂತು. ಕೋಳಿಗೂ ಲ್ಯಾಟಿನ್ನಿಗೂ ಏನು ಸಂಬಂಧವೋ ದೇವರೇ ಬಲ್ಲ.

ಜನ ಮಾತ್ರ ಎಲ್ಲವೂ ಒಂದೇ ಕಂಪನಿ ಎಂದುಕೊಂಡಿದ್ದರು. ಜಯಮ್ಮನ ಮನೆಯವರು ದೂರಿನಲ್ಲಿ ರಂಗಸ್ವಾಮಿಯ ಹೆಸರನ್ನೇ ಕೊಟ್ಟರು. ನನ್ನ ವರದಿಯೂ ಹಾಗೇ ಹೇಳಿದ್ದರೆ ಅವರ ಲೈಸೆನ್ಸ್ ಹೋಗುತ್ತಿತ್ತು, ಜೈಲೂ ಆಗಬಹುದಿತ್ತು.

ಗಿರಣಿಗೆ ವೈರಿಂಗ್ ಮಾಡಿದವನನ್ನು ಹುಡುಕಿಕೊಂಡು ಕುಣಿಗಲ್‌ಗೆ ಹೋದೆ. ಹಿಂದಿನ ವರ್ಷದವರೆಗೆ ಮೊಬೈಲ್ ಕವರ್ ಮಾರುತ್ತಿದ್ದ ಮನುಷ್ಯ. ಲೈಸೆನ್ಸ್ ಇಲ್ಲ, ರಂಗಸ್ವಾಮಿಯ ಮುಖವನ್ನೂ ಕಂಡವನಲ್ಲ. ಮತ್ತೆ ಲ್ಯೂಮೆನ್ ಎಂಬ ಹೆಸರು ಯಾಕಪ್ಪ ಎಂದೆ.

“ಆ ಹೆಸ್ರಿದ್ರೆ ಯಾರೂ ಏನೂ ಕೇಳಲ್ಲ ಮೇಡಂ.”

ದನಿಯಲ್ಲಿ ಒಂದಿಷ್ಟೂ ಅಳುಕಿರಲಿಲ್ಲ. ಸಾವುಗಳನ್ನು ಬೇಕಾದಷ್ಟು ಕಂಡಿದ್ದೆ, ಆದರೆ ಈ ಮಾತಿನಷ್ಟು ಯಾವುದೂ ನನ್ನನ್ನು ನಡುಗಿಸಿರಲಿಲ್ಲ.

ಅವನ ಮೇಲೆ ಕೇಸಾಯಿತು. ನಿಮ್ಮದೇನೂ ತಪ್ಪಿಲ್ಲ, ಲೈಸೆನ್ಸಿಗೆ ಏನೂ ಆಗುವುದಿಲ್ಲ ಎಂದು ರಂಗಸ್ವಾಮಿಗೆ ನಾನೇ ಹೋಗಿ ತಿಳಿಸಿದೆ. ನಿರಾಳವಾದಾರು ಎಂದುಕೊಂಡಿದ್ದೆ. ಅವರು ತಲೆ ಎತ್ತಲೇ ಇಲ್ಲ.

“ನಾನ್ ಮಾಡಿಲ್ಲ ಅನ್ನೋದು ನಿಜ ಮೇಡಂ. ಆದ್ರೆ ಆ ಯಮ್ಮ ಕೈ ಇಟ್ಟಿದ್ದು ನಮ್ ಹೆಸ್ರ್ ಮೇಲೆ.”

ಅದೇ ವಾರ ಅವರು ಕೊತ್ತಗೆರೆಗೆ ಹೋಗಿ, ಗಿರಣಿಯ ಪಕ್ಕ ಗುಂಡಿ ತೋಡಿಸಿ ಅರ್ಥಿಂಗ್ ಮಾಡಿಕೊಟ್ಟು ಬಂದರು. ಆಮೇಲೆ ತಮ್ಮ ಅಂಗಡಿಯ ಬೋರ್ಡಿಗೆ ಬಿಳಿ ಬಣ್ಣ ಹೊಡೆಸಿ, ಬರೀ ರಂಗಸ್ವಾಮಿ ಎಂದು ಬರೆಸಿದರು. ಕೆಲಸ ಕಲಿತು ಹೋದವರಿಗೂ ಹಾಗೇ ಮಾಡಿ ಎಂದರಂತೆ. ಕೆಲವರು ಮಾಡಿದರು, ಕೆಲವರು ಗಿರಾಕಿ ಹೋಗುತ್ತಾರೆಂದು ಸುಮ್ಮನಾದರು.

ಒಳ್ಳೆಯ ಹೆಸರು ಬಂದ ಕಡೆ ಜನ ಕೇಳುವುದನ್ನೇ ಬಿಟ್ಟುಬಿಡುತ್ತಾರೆ, ಅಪಾಯ ಶುರುವಾಗುವುದೂ ಅಲ್ಲಿಂದಲೇ. ನನ್ನ ನೌಕರಿ ಕಲಿಸಿದ್ದು ಇಷ್ಟು. ಈಗ ರಿಟೈರ್ ಆಗಿದ್ದೇನೆ. ಮೊನ್ನೆ ನಮ್ಮ ಮನೆಯ ನೀರಿನ ಮೋಟಾರಿಗೆ ಹೊಸ ವೈರಿಂಗ್ ಮಾಡಲು ಬಂದ ಎಲೆಕ್ಟ್ರಿಷಿಯನ್ ಕೆಲಸ ಮುಗಿಸಿ, ನಾವು ಲ್ಯೂಮೆನ್‌ನವರು, ಡೌಟೇ ಬೇಡ ಎಂದ. ಮೋಟಾರು ಓಡುತ್ತಿತ್ತು.

“ಹೆಸ್ರಿರ್ಲಿ ಬಿಡಪ್ಪ, ಮೋಟಾರ್ ಮೇಲೊಂದ್ಸಲ ಕೈ ಇಡು,” ಎಂದೆ.

ಚಾಚಿದ ಕೈಯನ್ನು ಅವನು ಅರ್ಧದಲ್ಲೇ ನಿಲ್ಲಿಸಿದ. ಮೇನ್ ಆಫ್ ಮಾಡಿ ಬಂದು, ಸ್ಕ್ರೂಡ್ರೈವರ್ ಎತ್ತಿಕೊಂಡು ಮತ್ತೆ ಡಬ್ಬಿ ಬಿಚ್ಚತೊಡಗಿದ.