ಅಕ್ಕನ ಬಾಗಿಲಿಗೆ ನಾನು ಅಂಟಿಸಿದ ಮುಖ

ಚುನಾವಣೆ ದೆಹಲಿಯ ಗದ್ದುಗೆಯದು. ಅದರ ಕೆಲಸ ಮಾತ್ರ ಹಲಸೂರಿನ ನಮ್ಮ ಗಲ್ಲಿಯಲ್ಲಿ ನಡೆಯಿತು. ದೇಶವಿಡೀ ಗೆಲ್ಲುತ್ತಿದ್ದ ಪಕ್ಷಕ್ಕೆ ನಾನು ಓಡಾಡುತ್ತಿದ್ದೆ. ಹೆಚ್ಚು ಓದಿದವನಲ್ಲ. ಅವರ ನಾಯಕರು ವೇದಿಕೆಯಿಂದ ‘ನೀವೇ ದೇಶ, ನಮ್ಮನ್ನು ಒಪ್ಪದವರು ಜನರ ಶತ್ರುಗಳು’ ಎಂದಾಗ ಎದೆ ಉಬ್ಬಿತ್ತು.

ನಾಯಕರ ಮುಖದ ಸ್ಟಿಕ್ಕರನ್ನು ಮನೆಬಾಗಿಲುಗಳಿಗೆ ಅಂಟಿಸುವುದು ನನ್ನ ಕೆಲಸ. ಬೇರೆ ಮನೆಗಳಲ್ಲಿ ಕೇಳಿ ಅಂಟಿಸುತ್ತಿದ್ದೆ. ಗಲ್ಲಿಯ ಕೊನೆಯಲ್ಲಿ ಒಬ್ಬಳೇ ಬಾಡಿಗೆಗಿದ್ದ ನನ್ನ ಸ್ವಂತ ಅಕ್ಕನನ್ನು ಕೇಳಲಿಲ್ಲ. ಅವಳು ಕಿತ್ತುಬಿಡುತ್ತಾಳೆಂದು, ಅವಳಿಲ್ಲದಾಗ ಸ್ಟಿಕ್ಕರಿನ ಹಿಂಬದಿಗೆ ಮರಗೆಲಸದ ಗೋಂದು ಬಳಿದು ಒತ್ತಿಬಿಟ್ಟೆ.

ಸಂಜೆ ಅಕ್ಕ ಚಾಕುವಿನಿಂದ ಅದನ್ನು ಕೆರೆಯುತ್ತಿದ್ದಳು.

“ಗ್ಯಾಸ್ ರೇಟ್ ಇಳಿಸೋಕೆ ಹೇಳೋ ನಿಮ್ಮ ಲೀಡರ್‌ಗೆ. ಆಮೇಲೆ ಮುಖ ತೋರಿಸ್ಲಿ,” ಎಂದು ನಕ್ಕಳು.

ಕಣ್ಣುಗಳು ಕಿತ್ತು ಬಂದವು, ಬಾಯಿ ಮರಕ್ಕೇ ಕಚ್ಚಿಕೊಂಡಿತು. ಗೋಂದು ಬಳಿಯದಿದ್ದರೆ ಪೂರ್ತಿ ಬರುತ್ತಿತ್ತು. ಯಾರಿಗೂ ಗೊತ್ತಾಗುತ್ತಿರಲಿಲ್ಲ.

ಮರುದಿನ ಪಕ್ಷದವರೊಂದಿಗೆ ಆ ಗಲ್ಲಿಗೆ ಬಂದೆ. ಮುಂದಿದ್ದವನು ಬಾಗಿಲೆದುರು ನಿಂತ.

“ಕಣ್ಣೇ ಕಿತ್ತವ್ರಲ್ಲ ಮಗಾ! ಯಾರ್ ಮನೆ ಇದು? ನಿನ್ ಏರಿಯಾ ತಾನೆ, ಹೇಳು ಗುರು.”

“ಗೊತ್ತಿಲ್ಲ. ಯಾರೋ ಬಾಡಿಗೆಯವ್ರು,” ಎಂದೆ.

ಅಕ್ಕ ಕಿಟಕಿಯ ಹಿಂದೆಯೇ ಇದ್ದಳು. ಹೊರಗೆ ಬಂದು, “ನಾನೇ ಕಿತ್ತಿದ್ದು. ನನ್ ಬಾಗ್ಲು,” ಎಂದಳು. ಅವರು ಮೊಬೈಲ್ ಎತ್ತಿ ಅವಳ ಮುಖವನ್ನು ವಿಡಿಯೊ ಮಾಡಿದರು. ಇವನು ನನ್ನ ತಮ್ಮ ಎಂದು ಅವಳು ಹೇಳಬಹುದಿತ್ತು. ಹೇಳಲಿಲ್ಲ.

‘ಜನರ ಶತ್ರು’ ಎಂಬ ಹೆಸರಲ್ಲಿ ಆ ವಿಡಿಯೊ ದೇಶವೆಲ್ಲ ತಿರುಗಿತು. ನಾವು ಕಾಣದ ಊರಿನವರು ಅರ್ಥವಾಗದ ಭಾಷೆಗಳಲ್ಲಿ ಅವಳನ್ನು ಬೈದರು. ಮಾಲೀಕ ಮನೆ ಬಿಡಿಸಿದ. ಅಕ್ಕ ಕೆ.ಆರ್. ಪುರದ ಒಂದು ಕೋಣೆ ಸೇರಿದಳು.

ಪಕ್ಷ ಗೆದ್ದಿತು. ನಾನಿನ್ನೂ ಅವರ ವಾಟ್ಸಾಪ್ ಗುಂಪಿನಲ್ಲಿದ್ದೇನೆ. ಅಕ್ಕನ ಸುದ್ದಿ ಬಂದರೆ ಮೊದಲೇ ತಿಳಿದೀತು ಎಂದು ಸಮಾಧಾನ ಹೇಳಿಕೊಳ್ಳುತ್ತೇನೆ. ನಿಜವೆಂದರೆ, ಬಿಟ್ಟರೆ ಯಾಕೆ ಬಿಟ್ಟೆ ಎಂದು ಕೇಳುತ್ತಾರೆಂಬ ಭಯ.

ಹೋದ ವಾರ ಅದೇ ವಿಡಿಯೊ ಮತ್ತೆ ಬಂತು. ಕೆಳಗೆ ಒಬ್ಬ, “ಈಯಮ್ಮ ಈಗ ಕೆ.ಆರ್. ಪುರ ಮಾರ್ಕೆಟ್ ಹಿಂದೆ ಇದಾಳೆ. ಹೋಗಿ ಮಾತಾಡಿಸ್ಕೊಂಡು ಬರೋಣ್ವಾ?” ಎಂದು ಬರೆದಿದ್ದ. ನಗುವ ಮುಖಗಳು ಒಂದರ ಮೇಲೊಂದು ಬೀಳುತ್ತಿದ್ದವು.

ಅಕ್ಕ ಫೋನ್ ಎತ್ತಲಿಲ್ಲ. ಮೆಟ್ರೋ ಹತ್ತಿ ಹೋದೆ. ಬಾಗಿಲು ಬಡಿದಾಗ ಒಳಗಿನ ಹೊಲಿಗೆ ಯಂತ್ರ ಥಟ್ಟನೆ ನಿಂತಿತು.

“ಅಕ್ಕಾ, ನಾನು.”

ಹೆಜ್ಜೆಗಳು ಬಾಗಿಲವರೆಗೆ ಬಂದು ನಿಂತವು. ಆಮೇಲೆ ಬಾಗಿಲ ಹತ್ತಿರದಿಂದಲೇ ಮೆಲ್ಲಗೆ, “ಒಬ್ನೇ ಬಂದಿದೀಯಾ, ಇಲ್ಲ ಅವ್ರೂ ಇದಾರಾ?” ಎಂದಳು.

ನಾನು ಹಿಂದೆ ತಿರುಗಿ ಬೀದಿಯ ಎರಡೂ ಕಡೆ ನೋಡಿದೆ. ಆಮೇಲೆ ಒಬ್ಬನೇ ಎಂದೆ.