ಸುದ್ದಿ ಅಕ್ಕನ ಗಂಟಲು

ಊರಿನ ಪುಟ್ಟ ರೇಡಿಯೋದಲ್ಲಿ ಇಪ್ಪತ್ತು ವರ್ಷ ಬೆಳಗಿನ ಸುದ್ದಿ ಓದಿದವಳನ್ನು ಎಲ್ಲರೂ ಕರೆಯುತ್ತಿದ್ದುದು ‘ಸುದ್ದಿ ಅಕ್ಕ’ ಎಂದೇ. ಅವಳದೊಂದು ಹಟವಿತ್ತು. ನೀರಿನ ಸುದ್ದಿಯಾದರೆ, ಟ್ಯಾಂಕಿನ ಹತ್ತಿರ ಇರುವ ನೀರುಗಂಟಿಗೆ ಫೋನ್ ಮಾಡಿ ಕೇಳದೆ ಬಾಯಿ ಬಿಡುತ್ತಿರಲಿಲ್ಲ.

‘ಪ್ರಕಟಣೆ ಕೈಯಲ್ಲೇ ಇದೆಯಲ್ರೀ’ ಎಂದು ಮ್ಯಾನೇಜರ್ ಗೊಣಗಿದರೆ, ‘ಇರ್ಲಿ ಸಾರ್, ಒಂದ್ ಮಾತು ಕೇಳಿದ್ರೆ ಗಂಟೇನು ಹೋಗುತ್ತೆ?’ ಎನ್ನುತ್ತಿದ್ದಳು.

ಈ ವರ್ಷ ಮ್ಯಾನೇಜರರಿಗೆ ಕೃತಕ ಬುದ್ಧಿಮತ್ತೆಯ ಹುಚ್ಚು ಹಿಡಿಯಿತು. ಅವಳ ಹಳೆಯ ಧ್ವನಿಮುದ್ರಣಗಳನ್ನೆಲ್ಲ ಯಂತ್ರಕ್ಕೆ ಉಣಿಸಿದರು. ಅದು ಅವಳದೇ ಗಂಟಲಲ್ಲಿ, ರಜೆ ಗಿಜೆ ಕೇಳದೆ, ಬೆಳಗಿನ ಸುದ್ದಿ ಓದತೊಡಗಿತು. ಇವಳನ್ನು ಸಂಜೆಯ ಯಾವುದೋ ಕಾರ್ಯಕ್ರಮಕ್ಕೆ ದಬ್ಬಿದರು. ಮೈ ಉರಿದರೂ ಸಂಜೆ ಸಂಜೆ ಹೋಗಿ ಬರುತ್ತಿದ್ದಳು.

ಒಂದು ಬೆಳಿಗ್ಗೆ ನೀರುಗಂಟಿಯೇ ಅವಳಿಗೆ ಫೋನ್ ಮಾಡಿದ. ‘ಅಕ್ಕಾ, ಪೈಪ್ ಒಡೆದು ಚರಂಡಿ ನೀರು ಸೇರಿಬಿಟ್ಟಿದೆ. ನೀವು ನೋಡಿದ್ರೆ ರೇಡಿಯೋದಲ್ಲಿ ಕುಡೀಬಹುದು ಅಂತಿದ್ದೀರಲ್ಲ!’

ಅವಳು ಅಡುಗೆಮನೆಗೆ ಓಡಿದಳು. ಅಲ್ಲಿ ರೇಡಿಯೋ ಅದನ್ನೇ ಹೇಳುತ್ತಿತ್ತು. ಹೋದ ತಿಂಗಳು ಪೈಪ್ ರಿಪೇರಿ ಮುಗಿದಾಗಿನ ಹಳೆಯ ಪ್ರಕಟಣೆಯನ್ನು ಎತ್ತಿಕೊಂಡು, ನಲ್ಲಿ ನೀರು ಸಂಪೂರ್ಣ ಸುರಕ್ಷಿತ ಎಂದು ಯಂತ್ರ ಜೇನು ಸುರಿಸುತ್ತಿತ್ತು. ಅತ್ತೆ ಬಿಂದಿಗೆ ತುಂಬಿಸುತ್ತಿದ್ದರು.

‘ಅತ್ತೆ, ಆ ನೀರು ಕೆಟ್ಟಿದೆ, ಚೆಲ್ಲಿ.’

‘ಈಗಷ್ಟೇ ನೀನೇ ಚೆನ್ನಾಗಿದೆ ಅಂದ್ಯಲ್ಲೇ!’

‘ನಾನು ನಿಮ್ಮ ಮುಂದೇನೇ ನಿಂತಿದ್ದೀನಲ್ಲ! ಅದು ಮೆಷಿನ್ನು!’

‘ಮೆಷಿನ್ನೋ ಮತ್ತೊಂದೋ, ಅಲ್ಲಿ ಎಷ್ಟು ಬಿಡಿಸಿ ಬಿಡಿಸಿ ಹೇಳ್ತೀಯ. ಮನೇಲಿ ಬರೀ ಸಿಡಿಮಿಡಿ.’

ಗೋಡೆಗೆ ಹಣೆ ಚಚ್ಚಿಕೊಳ್ಳುವಂತಾಯಿತು. ಬಿಂದಿಗೆಯನ್ನು ತಾನೇ ಬಚ್ಚಲಿಗೆ ಬೋರಲು ಹಾಕಿ, ರೇಡಿಯೋ ಕಚೇರಿಗೆ ಧಾವಿಸಿದಳು.

‘ನಾಳೆ ಬೆಳಿಗ್ಗೆ ಯಂತ್ರದಿಂದಲೇ ತಿದ್ದುಪಡಿ ಓದಿಸಿದ್ರಾಯ್ತು’ ಎಂದರು ಮ್ಯಾನೇಜರ್.

‘ಊರು ಕೊಳ್ಳೆ ಹೊಡೆದ ಮೇಲೆ ದಿಡ್ಡಿ ಬಾಗಿಲು ಹಾಕ್ತೀರಾ?’ ಎಂದು ಅವರನ್ನು ಪಕ್ಕಕ್ಕೆ ಸರಿಸಿ ಮೈಕಿನ ಮುಂದೆ ಕೂತಳು. ‘ನಾನು ನಿಮ್ಮ ಸುದ್ದಿ ಅಕ್ಕ. ನಲ್ಲಿ ನೀರು ಕುಡಿಯಬೇಡಿ. ಬೆಳಿಗ್ಗೆ ಮಾತಾಡಿದ್ದು ನಾನಲ್ಲ, ಯಂತ್ರ.’ ಏದುಸಿರಿನಲ್ಲೇ ಅದನ್ನು ಮತ್ತೆ ಮತ್ತೆ ಹೇಳಿದಳು. ಸಿಟ್ಟಿಗೆ ದನಿ ಒಡೆದುಹೋಗಿತ್ತು.

ಅವಳು ಏಳುವ ಮೊದಲೇ ಫೋನ್ ಹೊಡೆದುಕೊಂಡಿತು. ‘ಯಾರ್ರೀ ಅದು, ನಮ್ಮಕ್ಕನ ಥರ ಮಾತಾಡಿ ಜನರನ್ನ ಹೆದರಿಸ್ತಿರೋದು? ಅಕ್ಕ ಯಾವತ್ತಾದ್ರೂ ಹಾಗೆ ಅರಚಿದ್ದುಂಟಾ?’

‘ನಾನೇ ಅಕ್ಕ ಕಣ್ರೀ!’

‘ಹೌದೌದು, ಮೆಷಿನ್ನೂ ಹಾಗೇ ಹೇಳೋದು’ ಎಂದು ಆತ ಫೋನ್ ಇಟ್ಟ. ಎರಡನೆಯವರೂ ಅದನ್ನೇ ಅಂದರು. ಮೂರನೆಯದನ್ನು ಅವಳು ಎತ್ತಲಿಲ್ಲ. ಮನೆಯ ಕಡೆ ಓಡಿದಳು.

ಬೀದಿಯ ನಲ್ಲಿಯ ಮುಂದೆ ಕೊಡ ಹಿಡಿದು ಹೆಂಗಸರು ನಿಂತಿದ್ದರು. ನಡುವೆ ಅತ್ತೆ, ಮುಖದಲ್ಲಿ ಹೆಮ್ಮೆಯೋ ಹೆಮ್ಮೆ.

‘ಬಂದ್ಯಾ ತಾಯಿ? ಈಗ ರೇಡಿಯೋದಲ್ಲಿ ಯಾವುದೋ ಮೆಷಿನ್ನು ನಿನ್ನ ಹೆಸರು ಹೇಳ್ಕೊಂಡು ಬಾಯಿ ಬಡ್ಕೊಳ್ತಿತ್ತು. ಇವರೆಲ್ಲ ನೀರು ಚೆಲ್ಲೋಕೆ ಹೊರಟಿದ್ರು. ನಾನು ಬಿಡ್ತೀನಾ? ನಮ್ಮ ಸೊಸೆ ಇಪ್ಪತ್ತು ವರ್ಷದಲ್ಲಿ ಒಂದು ಸುಳ್ಳು ಸುದ್ದಿ ಓದಿದವಳಲ್ಲ, ಧೈರ್ಯವಾಗಿ ಕುಡೀರಿ ಅಂದೆ.’