ಸುತ್ತು ಬಿಚ್ಚಲು ಬಂದ ನಮ್ಮತ್ತೆ

ಮಗು ಬೋರಲು ಬಿದ್ದು ಉಸಿರು ಕಟ್ಟಬಹುದಿತ್ತು. ಸುತ್ತಿದ ಬಟ್ಟೆಯ ಅಂಚು ಸರಿದು ಮೂಗು ಮುಚ್ಚಬಹುದಿತ್ತು. ಬಿಚ್ಚೋಣವೆಂದರೆ, ತನ್ನ ಕೈ ತನಗೇ ತಾಗಿ ಬೆಚ್ಚಿ ಬೀಳಬಹುದಿತ್ತು, ಉಗುರು ಕಣ್ಣಿಗೆ ಚುಚ್ಚಬಹುದಿತ್ತು, ಥಂಡಿ ಹಿಡಿಯಬಹುದಿತ್ತು, ನಿದ್ದೆಗೆಟ್ಟು ಹಾಲು ಕುಡಿಯುವುದನ್ನೇ ಬಿಡಬಹುದಿತ್ತು. ಇದನ್ನೆಲ್ಲ ಯೋಚಿಸುತ್ತ ನಾನು ಕ್ಲಾಸಿನಲ್ಲಿ ಕಾವೇರಿಯನ್ನು ಅರಬ್ಬೀ ಸಮುದ್ರಕ್ಕೆ ಸೇರಿಸುವ ಹೊತ್ತಿಗೇ ಇನ್‌ಸ್ಪೆಕ್ಟರು ಒಳಗೆ ಬರಬಹುದಿತ್ತು.

ಇದ್ಯಾವುದೂ ಆಗದಂತೆ ನೋಡಿಕೊಂಡದ್ದು ನಮ್ಮತ್ತೆಯ ಅಂಗೈ. ಅಗಲವಾದ ಅಂಗೈ, ಎಮ್ಮೆ ಕರೆದು ಕರೆದು ಹೆಬ್ಬೆರಳಿನ ಗಿಣ್ಣು ಉಬ್ಬಿತ್ತು, ಗೆರೆಗಳಲ್ಲಿ ಹರಳೆಣ್ಣೆ ನಿಂತಿರುತ್ತಿತ್ತು.

ಎಪ್ಪತ್ತರ ದಶಕದ ಕೊನೆಯ ಮಾತು. ನಾನು ನರಸೀಪುರದ ಸ್ಕೂಲಿನಲ್ಲಿ ಮೇಷ್ಟ್ರು. ಅತ್ತೆಯ ಊರು ಹುಲ್ಲಹಳ್ಳಿಯ ಕಡೆ. ಮದುವೆಯಾಗಿ ಬಂದ ಮೇಲೆ ನಂಜನಗೂಡಿನ ಬಸ್ ಸ್ಟ್ಯಾಂಡಿನ ಹಿಂದೆ ಮನೆ, ಹಿತ್ತಲಲ್ಲಿ ಎಮ್ಮೆ. ಬಸ್ ಸ್ಟ್ಯಾಂಡಿನ ಹೋಟೆಲಿಗೆ ಹಾಲು ಹಾಕುತ್ತಿದ್ದುದರಿಂದ ಕಂಡಕ್ಟರುಗಳೆಲ್ಲ ಪರಿಚಯ. ಅಳಿಯನಾದರೂ ನನ್ನನ್ನು ಅವರು ಕೊನೆಯವರೆಗೂ ‘ಮೇಷ್ಟ್ರೇ’ ಎಂದೇ ಕರೆದರು. ನನ್ನ ಮುಖ ನೋಡಿದಾಗಲೆಲ್ಲ, “ಯಾಕ್ ಮೇಷ್ಟ್ರೇ, ಮನೆಗೆ ಬೆಂಕಿ ಬಿದ್ದವ್ರಂಗಿದ್ದೀರಿ?” ಎನ್ನುತ್ತಿದ್ದರು. ಬೆಂಕಿ ಬಿದ್ದಿರುತ್ತಿರಲಿಲ್ಲ. ಬಿದ್ದರೆ ಏನು ಮಾಡುವುದೆಂದು ನಾನು ಯೋಚಿಸುತ್ತಿರುತ್ತಿದ್ದೆ, ಅಷ್ಟೇ.

ಬಾಣಂತನ ಅವರ ಮನೆಯಲ್ಲೇ ಆಯಿತು. ಎರೆದು, ಸಾಂಬ್ರಾಣಿ ಹೊಗೆ ಕೊಟ್ಟು, ಮೆತ್ತಗಾದ ಹಳೇ ನೂಲಿನ ಸೀರೆಯಲ್ಲಿ ಮಗುವನ್ನು ಅವರು ಸುತ್ತುತ್ತಿದ್ದುದು ನೋಡುವಂತಿತ್ತು. ಎರಡೂ ಕೈ ಪಕ್ಕಕ್ಕೆ, ಈ ಕಡೆಯ ಸೆರಗು ಆ ಕಡೆಗೆ, ಆ ಕಡೆಯದು ಈ ಕಡೆಗೆ, ಮೇಲೊಂದು ಪಟ್ಟಿ. ಅವರ ಮಗಳು ಮೂರನೇ ತಿಂಗಳಲ್ಲಿ ಕೂಸನ್ನೆತ್ತಿಕೊಂಡು ನರಸೀಪುರಕ್ಕೆ ಹೊರಟಾಗ, “ಐದ್ ತಿಂಗ್ಳು ತುಂಬೋಗಂಟ ಹಿಂಗೇ ಕಟ್ಟಿ ಮನಗ್ಸು ಮಗ. ಬೆಚ್ಚಿ ಬೀಳಲ್ಲ” ಎಂದು ಹೇಳಿ ಕಳಿಸಿದರು.

ಐದು ತುಂಬಲು ಇನ್ನೂ ಬಹಳ ದಿನವಿದ್ದಾಗಲೇ ಒಂದು ಬೆಳಿಗ್ಗೆ, ನಾನು ನೋಡನೋಡುತ್ತಿದ್ದಂತೆ, ಆ ಗಂಟು ಒಮ್ಮೆ ಅಲುಗಾಡಿ ಮಗ್ಗುಲಾಯಿತು. ಇನ್ನೊಂದು ಸಲ ಅಲುಗಾಡಿದ್ದರೆ ಮುಖ ದಿಂಬಿಗೆ. ಎತ್ತಿ ಅಂಗಾತ ಮಲಗಿಸಿದೆ. ಕೈ ಕಟ್ಟಿರುವ ಮಗು ಬೋರಲಾದರೆ ತಲೆ ಎತ್ತುವುದು ಹೇಗೆ? “ಬಿಚ್ಚಿಬಿಡೋಣ” ಎಂದೆ. “ಅವ್ವ ಐದು ತಿಂಗಳು ಅಂದವರೆ. ನೀವು ಅವರಿಗಿಂತ ಜಾಸ್ತಿ ಮಕ್ಕಳು ಸಾಕಿದ್ದೀರಾ?” ಎಂದಳು ನನ್ನ ಹೆಂಡತಿ. ಹಾಗೆ ಕೇಳಿದವಳು ತಾನೂ ತೊಟ್ಟಿಲ ಪಕ್ಕದಿಂದ ಕದಲಲಿಲ್ಲ.

ನಂಜನಗೂಡಿನ ಬಸ್ಸಿನ ಕಂಡಕ್ಟರ ಕೈಲಿ ಅತ್ತೆಗೆ, ‘ಕೂಸು ಮಗ್ಗುಲಾಯಿತು, ಬೇಗ ಬರಬೇಕು’ ಎಂದು ಹೇಳಿ ಕಳಿಸಿದೆ. ನಮ್ಮ ಕಡೆ ಮಗು ಮಗ್ಗುಲಾಗುವುದು ಸಂತೋಷದ ಸುದ್ದಿ, ಸಿಹಿ ಮಾಡಿ ಅಕ್ಕಪಕ್ಕದವರಿಗೆ ಹಂಚುವ ದಿನ. ಮಾರನೇ ದಿನ ಅತ್ತೆ ಬೆಲ್ಲ, ಕಾಯಿ, ಎಳ್ಳು ಕಟ್ಟಿಕೊಂಡು ನಗುತ್ತ ಇಳಿದರು. ನಡುಮನೆಗೆ ಬಂದವರು ಸುತ್ತಿಟ್ಟ ಮಗುವನ್ನು ನೋಡಿ ನಿಂತುಬಿಟ್ಟರು.

“ಕಟ್ಟಿದ್ದಾಗ್ಲೇ ಮಗ್ಗುಲಾಯ್ತಾ?”

“ಹೂಂ ಅತ್ತೆ.”

“ಆಮೇಲೂ ಕಟ್ಟಿದ್ರಾ?”

“ನೀವು ಐದು ತಿಂಗಳು ಅಂದಿದ್ರಲ್ಲ…”

ಚೀಲ ಅಲ್ಲೇ ಇಟ್ಟು ಕುಕ್ಕರಿಸಿ ಕೂತರು. ಅವರ ಮುಖದಲ್ಲಿ ಹೆದರಿಕೆ ನೋಡಿದ್ದು ಅದೊಂದೇ ಸಲ. “ನಮ್ಮನೆ ಮಕ್ಳೆಲ್ಲ ಐದ್ರಲ್ಲೇ ಮಗ್ಗುಲಾದ್ವು, ಅದ್ಕೆ ಹಂಗಂದೆ. ಮಗ್ಗುಲಾಗಾಕ್ ನೋಡ್ತು ಅಂದ್ರೆ ಮುಗೀತು ಕನ ಮೇಷ್ಟ್ರೇ. ಇನ್ನೊಂದ್ ಗಳಿಗೆನೂ ಕಟ್ಬಾರ್ದು.”

ನಾನು ಇವತ್ತು ಬಲಗೈ, ಮುಂದಿನ ವಾರ ಎಡಗೈ ಎಂದು ಟೈಮ್ ಟೇಬಲ್ ಒಪ್ಪಿಸಿದೆ. “ಸುಮ್ಕೆ ಮನಗಿದ್ದ ಕೂಸಾಗಿದ್ರೆ ಒಂದೊಂದೇ ಕೈ ಬುಡ್ಬೋದಿತ್ತು. ಇವ್ಳು ಕಾಯಾಕಿಲ್ಲ” ಎಂದು ಪಟ್ಟಿ ಎಳೆದು ಎಲ್ಲವನ್ನೂ ಒಟ್ಟಿಗೇ ಬಿಚ್ಚಿದರು. ತೊಟ್ಟಿಲು ಬೇಡವೆಂದರು. ನೆಲದ ಮೇಲೆ ಚಾಪೆ ಹಾಸಿ ಬಿಗಿಯಾಗಿ ಮಡಿಸಿದ ಒಂದು ಪಂಚೆ ಹಾಕಿ, ಸುತ್ತ ಇದ್ದ ದಿಂಬುಗಳನ್ನೆಲ್ಲ ಆಚೆ ಎಸೆದು, ಮಗುವನ್ನು ಅಂಗಾತ ಮಲಗಿಸಿದರು.

ಮಗು ಕಣ್ಣು ಮುಚ್ಚಿದ ಕೂಡಲೇ ಎರಡೂ ಕೈ ಮೇಲಕ್ಕೆ ಹಾರಿದವು, ಬೆಚ್ಚಿ ಕಿರುಚಿತು. ಅತ್ತೆ ಎತ್ತಿಕೊಂಡು ಸಮಾಧಾನ ಮಾಡಿ ಮತ್ತೆ ಮಲಗಿಸಿದರು. ಮತ್ತೆ ಕಿರುಚಿತು. ಹೆಂಡತಿಯ ಕಣ್ಣಲ್ಲಿ ನೀರು. “ಇದೊಂದ್ ಹೊತ್ತು ಕಟ್ಟಿಬಿಡೋಣ ಅವ್ವ” ಎಂದಳು.

“ಬಾಯ್ಮುಚ್ಕೊಂಡು ಕೂತ್ಕೊ. ಅಳ್ಲಿ, ನಾನಿಲ್ವಾ?”

ಈ ಸಲ ಅಂಗೈಯನ್ನು ಮಗುವಿನ ಎದೆಯ ಮೇಲೆ ಹಗುರಾಗಿ ಇಟ್ಟರು. ಕೈಗಳು ಹಾರಿದವು, ಅಂಗೈ ಕದಲಲಿಲ್ಲ. ಇನ್ನೊಮ್ಮೆ ಹಾರಿದವು, ಸ್ವಲ್ಪ ಕಡಿಮೆ. ಆಮೇಲೆ ಎರಡೂ ಮುಷ್ಟಿ ಕಿವಿಯ ಪಕ್ಕದಲ್ಲಿ ಮೆಲ್ಲಗೆ ಬಿಚ್ಚಿಕೊಂಡವು.

ಅತ್ತೆ ತೀರಿಕೊಂಡದ್ದು ಎಂಬತ್ತರ ದಶಕದಲ್ಲಿ, ನಮ್ಮ ಮಗಳಿನ್ನೂ ಸ್ಕೂಲಿನಲ್ಲಿದ್ದಾಗ. ಅವರನ್ನು ಕಳಿಸಿ ಬಂದ ರಾತ್ರಿ ಅವಳು ಬಿಕ್ಕುತ್ತ ಮಲಗಿದಾಗ ನಾನು ಮಾಡಿದ್ದು, ಅವಳ ಎದೆಯ ಮೇಲೆ ಅಂಗೈ ಇಟ್ಟು ಕೂತದ್ದು. ಬೇರೇನೂ ತೋಚಲಿಲ್ಲ. ಅವಳಿಗೆ ನಿದ್ದೆ ಬಂತು. ಅಷ್ಟು ಹೊತ್ತು ನನಗೂ ಯಾವ ಯೋಚನೆಯೂ ಬರಲಿಲ್ಲ. ನನ್ನ ಮಟ್ಟಿಗೆ ಅದು ಸಣ್ಣ ವಿಷಯವಲ್ಲ.

ಸುತ್ತು ಬಿಚ್ಚಿದ ಆ ಮಧ್ಯಾಹ್ನ ಅತ್ತೆ ಅಂಗೈ ಇಟ್ಟ ಹಾಗೇ ಗೋಡೆಗೊರಗಿ ಕೂತಲ್ಲೇ ನಿದ್ದೆ ಹೋದರು. ನಾನು ಮಗುವಿನ ಮೂಗಿನ ಬಳಿ ಬೆರಳು ಹಿಡಿದು ನೋಡುವುದು, ಅತ್ತೆ ಗೊರಕೆ ನಿಲ್ಲಿಸಿದರೆ ಅವರತ್ತ ನೋಡುವುದು, ಇದೇ ಕೆಲಸದಲ್ಲಿದ್ದೆ. ಆಗಬಹುದಾದ ಅನಾಹುತಗಳನ್ನೆಲ್ಲ ಎಣಿಸಿದ್ದ ನನಗೆ ಗಡಿಯಾರ ನೋಡುವುದೊಂದು ಹೊಳೆಯಲಿಲ್ಲ. ಅವರು ಕಣ್ಣು ಬಿಟ್ಟಾಗ ಹೊರಗೆ ಬಿಸಿಲು ಇಳಿದಿತ್ತು.

“ಕೊನೇ ಬಸ್ಸು ಹೋಯ್ತಾ ಮೇಷ್ಟ್ರೇ?”

“ಹೋಯ್ತು ಅತ್ತೆ.”

“ನಾನಲ್ದೆ ಬ್ಯಾರೆ ಯಾರ್ ಕರೆಯಾಕ್ ಕುಂತ್ರೂ ಎಮ್ಮೆ ಒದೀತದೆ. ಇವತ್ತು ನಿಮ್ಮ ಮಾವನೇ ಕುಂತಿರ್ತಾರೆ.” ಹಾಗೆಂದು ಅತ್ತೆ ಮಗುವಿನ ಪಕ್ಕದಲ್ಲೇ ಕಾಲು ಚಾಚಿ ಮಲಗಿದರು.

ಎಮ್ಮೆ ಒದ್ದಿತ್ತು.